ಗಾಡಿ ಹತ್ತುವ ಪಾಠ

ಕಂಪ್ಲಿ
ಆಗಸ್ಟ್ 11, 2024

ಸ್ಫೂರ್ತಿ ಮೇಡಂ ಅವರಿಗೆ,

ನಾಯಿಯ ಮೊದಲ ಪಾಠಕ್ಕೆ ಮುಂಚೆ ಒಂದು ಪತ್ರ ಬರೆಯಲೇಬೇಕು, ವೀಡಿಯೊದಲ್ಲಿ ನಾಯಿ ಕಾಣುತ್ತದೆ, ಮನೆ ಕಾಣುವುದಿಲ್ಲ ಎಂದು ಫೋನಿನಲ್ಲಿ ಹೇಳಿದಿರಿ. ಕಾಗದದ ಮೇಲೆ ಬರೆದು ಫೋಟೋ ತೆಗೆದು ಕಳಿಸುತ್ತಿದ್ದೇನೆ. ಮೊಬೈಲಿನಲ್ಲಿ ಒಂದೊಂದೇ ಕನ್ನಡ ಅಕ್ಷರ ಒತ್ತುತ್ತಾ ಕೂತರೆ ನನಗೆ ಮುಪ್ಪು ಬಂದುಬಿಡುತ್ತದೆ.

ನಮ್ಮದು ಅಕ್ಕಿ ಗಿರಣಿ. ಮನೆಯೂ ಗಿರಣಿಯ ಆವರಣದಲ್ಲೇ. ನಾನು, ನನ್ನ ಗಂಡ ವೀರೇಶ್, ಮಾವ ಉಜ್ಜಿನಪ್ಪನವರು, ಮೂರೇ ಜನ. ಅತ್ತೆ ತೀರಿಹೋದ ಮೇಲೆ ಮನೆಯಲ್ಲಿ ಹೆಂಗಸರೆಂದರೆ ನಾನು ಮತ್ತು ನುಚ್ಚಿ. ನುಚ್ಚಿ ಅಂದರೆ ನಾಯಿ. ಹೊಟ್ಟಿನ ರಾಶಿಯಲ್ಲಿ ಸಿಕ್ಕ ಮರಿ, ಆಗಿನ್ನೂ ಕಣ್ಣು ಬಿಟ್ಟಿರಲಿಲ್ಲ. ಬಣ್ಣ ಥೇಟ್ ನುಚ್ಚಕ್ಕಿಯದು, ಅದಕ್ಕೇ ಆ ಹೆಸರು. ಹತ್ತಿಯನ್ನು ಹಾಲಲ್ಲಿ ಅದ್ದಿ ಚೀಪಿಸಿ ಬೆಳೆಸಿದೆ. ಈಗ ನನ್ನನ್ನು ಬಿಟ್ಟು ಬೇರೆ ಯಾರನ್ನೂ ಅವಳು ಮನುಷ್ಯರೆಂದು ಒಪ್ಪುವುದಿಲ್ಲ.

ಹೋದ ತಿಂಗಳು ನಮ್ಮ ಹಮಾಲ ದುರುಗೇಶನ ಮೀನಖಂಡಕ್ಕೆ ಬಾಯಿ ಹಾಕಿದಳು. ಬಡಪಾಯಿ, ತಲೆಯ ಮೇಲೆ ಮೂಟೆ, ತಪ್ಪಿಸಿಕೊಳ್ಳಲೂ ಆಗಲಿಲ್ಲ. ಹೊಸಪೇಟೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಂಡು ಬಂದ. ಇನ್ನೂ ಕುಂಟುತ್ತಾನೆ. ನಾನು ಎದುರಾದರೆ "ನನಗ ಅದರ ಮ್ಯಾಲ ಸಿಟ್ಟಿಲ್ರಿ ಅಕ್ಕಾರ" ಅನ್ನುತ್ತಾನೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ನಮ್ಮ ಕಡೆ ಬೇಡವಾದ ನಾಯಿಯನ್ನು ಯಾರೂ ಕೊಲ್ಲುವುದಿಲ್ಲ. ನಾಯಿ ಮೈಲಾರಪ್ಪ ದೇವರದು, ಪಾಪ ಸುತ್ತಿಕೊಳ್ಳುತ್ತದೆ. ಗೋಣಿಚೀಲಕ್ಕೆ ತುಂಬಿ, ಹೊಳೆ ದಾಟಿಸಿ ಬಿಟ್ಟು ಬರುತ್ತಾರೆ. ಮಾವ ಇಬ್ಬರು ಹಮಾಲರಿಗೆ ಆ ಕೆಲಸ ಹೇಳಿದರು. ಚೀಲ ಹರಿಯಿತು, ಒಬ್ಬನ ಲುಂಗಿ ಹರಿಯಿತು, ಕೊನೆಗೆ ಇಬ್ಬರೂ ತೌಡಿನ ಕೋಣೆಗೆ ಓಡಿ ಬಾಗಿಲು ಹಾಕಿಕೊಂಡರು. ನನಗೆ ನಗುವೂ ಬಂತು, ಅಳುವೂ ಬಂತು. ಅವಳನ್ನು ಎತ್ತುವುದು ಯಾರಿಂದಲೂ ಆಗದು, ಗಾಡಿಯ ಹತ್ತಿರ ಒಯ್ದರಂತೂ ಮೈಮೇಲೆ ಬರುತ್ತಾಳೆ. ಅದಕ್ಕೇ ಇನ್ನೂ ಇಲ್ಲಿದ್ದಾಳೆ.

ನಾನು ಮಾವನ ಹತ್ತಿರ ಸ್ವಲ್ಪ ಕಾಲ ಕೇಳಿಕೊಂಡೆ. "ಹೊಸ ಭತ್ತ ಬರೂತನಕ ನೋಡೂಣವ್ವ. ಸುಗ್ಗ್ಯಾಗ ಲಾರಿ ಸಾಲಗಟ್ಟಿ ನಿಂದರ್ತಾವ, ಹಮಾಲರು ಇನ್ನೂ ಮಂದಿ ಬರ್ತಾರ. ಅವಾಗೂ ಹಿಂಗ ಇದ್ರ ನಾ ಸುಮ್ನಿರಂಗಿಲ್ಲ" ಎಂದರು.

ಹೊಡೆಯದೆ ಬಡಿಯದೆ, ತಿನ್ನಲು ಕೊಟ್ಟೇ ಕಲಿಸುತ್ತೀರಂತೆ. ನನಗೆ ಅವಳು ಕೈ ಕುಲುಕುವುದೂ ಬೇಡ, ಉರುಳುವುದೂ ಬೇಡ. ನಮ್ಮ ಮನೆಯಲ್ಲೇ ಉಳಿದರೆ ಸಾಕು.

ನಿಮ್ಮ ದಾರಿ ನೋಡುತ್ತಿರುವ
ಶೈಲಜಾ


ಹೊಸಪೇಟೆ
ಆಗಸ್ಟ್ 13, 2024

ಪ್ರಿಯ ಶೈಲಜಾ ಅವರೇ,

ಮೇಡಂ ಬೇಡ, ನಾನು ನಿಮಗಿಂತ ಚಿಕ್ಕವಳು. ನನ್ನ ವಿದ್ಯಾರ್ಥಿಗಳೆಲ್ಲ ದೊಡ್ಡ ಊರಿನ, ಸೋಫಾ ಮೇಲೆ ಮಲಗುವ ಜಾತಿ ನಾಯಿಗಳು. ನಮ್ಮ ಸೀಮೆಯವಳು, ಅದೂ ಹೊಟ್ಟಿನ ರಾಶಿಯಲ್ಲಿ ಹುಟ್ಟಿದವಳು, ನುಚ್ಚಿಯೇ ಮೊದಲು. ಪತ್ರ ಓದಿ ಆಗಲೇ ಅವಳ ಮೇಲೆ ಪ್ರೀತಿ ಬಂದಿದೆ.

ಬಸ್ಸು ಹತ್ತಿದರೆ ನಾನು ಕಂಪ್ಲಿಗೆ ಬಂದುಬಿಡಬಹುದು. ಬರುವುದಿಲ್ಲ. ಹೊಸಬರ ವಾಸನೆ ಬಂದರೆ ಅವಳ ಹೆದರಿಕೆ ಇನ್ನೂ ಹೆಚ್ಚುತ್ತದೆ. ಫೋನಿನಲ್ಲಾದರೆ ನನಗೆ ವಾಸನೆಯೇ ಇಲ್ಲ, ನಾನಿರುವುದೇ ಅವಳಿಗೆ ಗೊತ್ತಾಗುವುದಿಲ್ಲ. ಕಲಿಸುವವರು ನೀವು, ನಾನು ದೂರದಿಂದ ಹೇಳುವವಳು ಅಷ್ಟೆ.

ಅವಳು ಕಚ್ಚುವುದು ಸಿಟ್ಟಿಗಲ್ಲ, ಭಯಕ್ಕೆ. ಮೂಟೆ ಹೊತ್ತವರು ದೂರದಲ್ಲಿ ಕಂಡ ಕೂಡಲೇ ಅವಳ ಬಾಯಿಗೆ ರುಚಿಯಾದದ್ದೊಂದು ಬೀಳಲಿ. ಅವರು ಮರೆಯಾದರೆ ತಿಂಡಿಯೂ ನಿಲ್ಲಲಿ. ಮೂಟೆ ಬಂತೆಂದರೆ ಒಳ್ಳೆಯದೇ ಬಂತು ಎಂದು ಅವಳಿಗೇ ಅನ್ನಿಸಬೇಕು. ಗದರಬೇಡಿ, ಕೈ ಎತ್ತಬೇಡಿ. ಇನ್ನೊಂದು: ದಿನವಿಡೀ ಕಟ್ಟಿಹಾಕಿದ ನಾಯಿಗೆ ತಲೆಗೆ ಕೆಲಸವಿರುವುದಿಲ್ಲ. ಹೊಟ್ಟಿನಲ್ಲಿ ತಿಂಡಿ ಹುಗಿದು "ಹುಡುಕು" ಎನ್ನಿ. ಹಳೆಯ ಗೋಣಿಚೀಲ ಸುರುಳಿ ಸುತ್ತಿ ಅದರ ಮಡಿಕೆಯಲ್ಲಿ ಅಡಗಿಸಿ. ಮೂಗಿನಿಂದ ಅಷ್ಟು ದುಡಿದರೆ ಮನಸ್ಸು ತಣ್ಣಗಾಗುತ್ತದೆ. ಕೋಳಿ ಲಿವರ್ ಬೇಯಿಸಿ ಸಣ್ಣಗೆ ಹೆಚ್ಚಿಟ್ಟುಕೊಳ್ಳಿ.

ಉಳಿಯುತ್ತಾಳೆ. ನೋಡುತ್ತಿರಿ.

ನುಚ್ಚಿಯ ಹೊಸ ಗೆಳತಿ
ಸ್ಫೂರ್ತಿ


ಕಂಪ್ಲಿ
ಸೆಪ್ಟೆಂಬರ್ 15, 2024

ಪ್ರಿಯ ಸ್ಫೂರ್ತಿ,

ಲಿವರ್ ಅಂದಿರಿ ನೋಡಿ, ಆ ಪತ್ರ ಮಾವನ ಕೈಗೆ ಸಿಕ್ಕಿದ್ದರೆ ನಾಯಿಗಿಂತ ಮುಂಚೆ ನಾನು ಹೊಳೆ ದಾಟುತ್ತಿದ್ದೆ! ಇಷ್ಟಲಿಂಗ ಪೂಜೆಯಾಗದೆ ಒಲೆ ಹಚ್ಚದ ಮನೆ ನಮ್ಮದು. ಹಾಲು ಒಡೆಸಿ, ಹಿಂಡಿ, ಪನೀರು ಮಾಡಿ ಕೊಡುತ್ತಿದ್ದೇನೆ. "ನನಗ ಮಜ್ಜಿಗಿ, ನಾಯಿಗೆ ಪನೀರಾ? ಸಾಲಿಗೆ ಹಚ್ಚಿದ ಮ್ಯಾಲ ಮರ್ಯಾದಿ ಭಾಳ ಆಗೇತಿ ಅದಕ್ಕ" ಎಂದು ಮಾವ ದಿನಾ ರೇಗಿಸುತ್ತಾರೆ.

ಆದರೆ ಬದಲಾಗಿದ್ದಾಳೆ. ಮೊದಲು ಗೇಟಿನ ಆಚೆ ಹಮಾಲ ಕಂಡರೂ ಸರಪಳಿ ಹರಿಯುತ್ತಿದ್ದವಳು ಈಗ ಅವನನ್ನು ನೋಡಿ, ತಿರುಗಿ ನನ್ನ ಕೈ ನೋಡುತ್ತಾಳೆ. ದುರುಗೇಶನೇ ದೂರದಿಂದ ಪನೀರು ಎಸೆಯಲು ಒಪ್ಪಿದ. "ಕಡದಾಕಿಗೆ ನಾನ ಊಟ ಹಾಕ್ಬೇಕೇನ್ರಿ ಅಕ್ಕಾರ" ಎಂದು ನಗುತ್ತಲೇ ಎಸೆದ. ಉಳಿದ ಹಮಾಲರು ನಗಲಿಲ್ಲ, ಅಲ್ಲೇ ನಿಂತು ನೋಡುತ್ತಿದ್ದರು. "ಹುಡುಕು" ಆಟವಂತೂ ಅವಳಿಗೆ ಹುಚ್ಚು. ಮೂಗನ್ನು ಹೊಟ್ಟಿನಲ್ಲಿ ತೂರಿಸಿದರೆ ಪಕ್ಕದಲ್ಲಿ ಗಿರಣಿ ಬಿದ್ದುಹೋದರೂ ತಲೆ ಎತ್ತುವುದಿಲ್ಲ.

ನಿನ್ನೆ ಮಾವ ತಾವೇ ಒಂದು ಮಾತು ತೆಗೆದರು. "ಅದಕ್ಕ ಹುಚ್ಚುನಾಯಿ ಸೂಜಿ ಹಾಕಸ್ಬೇಕಲ್ಲವ್ವ, ಹೊಸಪೇಟಿಗೆ ಒಯ್ಯೋದು ಹೆಂಗ? ಮೊದಲು ಗಾಡಿ ಹತ್ತೋದು ಕಲ್ಸು. ನಾನೂ ಕುಂದರ್ತೀನಿ ಜೋಡಿ." ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ವೀರೇಶ್ ಅಲ್ಲೇ ಇದ್ದರು, ಚಪ್ಪಲಿ ಮೆಟ್ಟಿಕೊಂಡು ಗಿರಣಿಯ ಕಡೆ ನಡೆದರು. ಅವರದು ಮೊದಲಿನಿಂದಲೂ ಮಾತು ಕಡಿಮೆ.

ಗಾಡಿ ಎಂದರೆ ನಮ್ಮ ಅಕ್ಕಿ ಸಾಗಿಸುವ ಟಾಟಾ ಏಸ್. ಹೇಗೆ ಶುರು ಮಾಡಲಿ?

ಶೈಲಜಾ


ಹೊಸಪೇಟೆ
ಸೆಪ್ಟೆಂಬರ್ 18, 2024

ಶೈಲಜಕ್ಕ,

ನಿಮ್ಮ ಮಾವನಿಗೆ ನನ್ನ ನಮಸ್ಕಾರ ಹೇಳಿ. ಮನೆಯ ಹಿರಿಯರು ತಾವಾಗಿ ನಾಯಿಯ ಜೊತೆ ಕೂರುತ್ತೇನೆ ಅಂದದ್ದು ನನ್ನ ಕೆಲಸದಲ್ಲಿ ಇದೇ ಮೊದಲು.

ಗಾಡಿ ನಿಂತಿರಲಿ, ಎಂಜಿನ್ ಆಫ್ ಆಗಿರಲಿ. ಊಟದ ಬಟ್ಟಲನ್ನು ಅದರ ಚಕ್ರದ ಹತ್ತಿರ ಇಡಿ. ಆಮೇಲೆ ಹಲಗೆಯೊಂದನ್ನು ಇಳಿಜಾರಾಗಿ ಇಟ್ಟು ಅದರ ಮೇಲೆ. ಆಮೇಲೆ ಒಳಗೆ. ಹತ್ತುವುದು, ಇಳಿಯುವುದು ಅವಳ ಇಷ್ಟ, ಯಾರೂ ತಳ್ಳಕೂಡದು. ತಾನಾಗಿ ಹತ್ತತೊಡಗಿದ ಮೇಲೆ "ಹತ್ತು" ಎಂಬ ಮಾತು ಸೇರಿಸಿ. ಬಾಗಿಲು ಹಾಕುವುದು, ಎಂಜಿನ್ ಶುರು ಮಾಡುವುದು ಎಲ್ಲಕ್ಕೂ ಕೊನೆಗೆ. ಮಾವನ ಕೈಯಿಂದಲೇ ಹೆಚ್ಚು ತಿನ್ನಿಸಿ, ಅವಳಿಗೆ ನಿಮ್ಮ ಹೊರತು ಇನ್ನೊಬ್ಬರೂ ತನ್ನವರು ಅನ್ನಿಸಲಿ.

ಅವಸರ ಬೇಡ. ಭತ್ತ ತೆನೆಗೆ ಬರಲು ಇನ್ನೂ ಕಾಲವಿದೆ.

ಸ್ಫೂರ್ತಿ


ಕಂಪ್ಲಿ
ಅಕ್ಟೋಬರ್ 27, 2024

ಪ್ರಿಯ ಸ್ಫೂರ್ತಿ,

ಇದು ಪಾಠದ ವರದಿಯಲ್ಲ. ಸಂತೋಷವಾಗಿದೆ, ಯಾರಿಗಾದರೂ ಹೇಳಬೇಕು, ನೀನು ಸಿಕ್ಕೆ. ಬಹುವಚನ ಬಿಟ್ಟಿದ್ದೇನೆ, ಬೇಜಾರಾದರೆ ಹೇಳು.

ಬೆಳಗ್ಗೆ ಪೂಜೆ ಮುಗಿಸಿ ವಿಭೂತಿ ಹಣೆಯಲ್ಲೇ ಮಾವ ಸ್ಟೀಲಿನ ಬಟ್ಟಲು ಹಿಡಿದು ಗಾಡಿಯ ಹತ್ತಿರ ಹೋಗುತ್ತಾರೆ. ನುಚ್ಚಿ ಹಲಗೆ ಹತ್ತಿ, ಒಳಗೆ ಹೋಗಿ, ತಿರುಗಿ ಕೂತು ಅವರನ್ನೇ ಕಾಯುತ್ತಾಳೆ. ಅವರೂ ಹತ್ತಿ ಪಕ್ಕದಲ್ಲಿ ಕೂರುತ್ತಾರೆ. ಹಲ್ಲಿಗೆ ಬೆರಳು ತಾಗದ ಹಾಗೆ ಅಂಗೈ ಚಾಚಿ ಕೊಡುವುದನ್ನು ನಾನು ತೋರಿಸಿಕೊಟ್ಟೆ. ಮೊನ್ನೆ ತಿಂದು ಮುಗಿಸಿದ ಮೇಲೆ ಅವರ ಮೊಣಕಾಲ ಮೇಲೆ ತಲೆ ಇಟ್ಟಳು. "ಏನವ್ವಾ ನುಚ್ಚವ್ವಾ, ಹೊಟ್ಟಿ ತುಂಬ್ತಾ?" ಎಂದು ಅವರು ಅವಳ ಕಿವಿ ತಿಕ್ಕುತ್ತ ಕೂತುಬಿಟ್ಟರು. ಬಾಗಿಲು ಹಾಕಿದರೂ, ವೀರೇಶ್ ಗಿರಣಿಯ ಸುತ್ತ ಒಂದು ಸುತ್ತು ಓಡಿಸಿದರೂ ಅವಳಿಗೆ ಈಗ ಭಯವಿಲ್ಲ.

ಮದುವೆಯಾಗಿ ಬಂದಾಗಿನಿಂದ ಮಾವನ ಎದುರು ನಾನು ನಿಂತು ಮಾತಾಡಿದ್ದೇ ಇಲ್ಲ. ಅಡುಗೆ ಆಯಿತಾ, ಆಯಿತು, ಅಷ್ಟೇ. ಈಗ ಗಾಡಿಯ ಹಿಂಭಾಗದಲ್ಲಿ ಕಾಲು ಇಳಿಬಿಟ್ಟು ಕೂತು ಅವರು ತಮ್ಮ ಚಿಕ್ಕಂದಿನ ಕಥೆ ಹೇಳುತ್ತಾರೆ, ನಾನು ನಿಂತು ಕೇಳುತ್ತೇನೆ. ಈ ಮನೆಗೆ ನಾನೂ ಸೇರಿದವಳು ಎಂದು ಈಗ ಅನ್ನಿಸತೊಡಗಿದೆ. ಒಂದು ನಾಯಿಗೆ ಕಲಿಸಲು ಹೋಗಿ ಏನೆಲ್ಲ ಆಯಿತು ನೋಡು.

ನಿನ್ನ ಋಣದಲ್ಲಿರುವ
ಶೈಲಜಾ


ಕಂಪ್ಲಿ
ನವೆಂಬರ್ 25, 2024, ಮಧ್ಯಾಹ್ನ

ಸ್ಫೂರ್ತಿ,

ಪಾಸಾದಳು ನಿನ್ನ ವಿದ್ಯಾರ್ಥಿನಿ!

ನಿನ್ನೆ ಹೊಸ ಭತ್ತದ ಮೊದಲ ಲಾರಿ ಬಂತು. ಹೊಸ ಹಮಾಲರು, ಧೂಳು, ಗದ್ದಲ. ನುಚ್ಚಿ ಚಾಪೆಯ ಮೇಲೆ ಕೂತು ನೋಡಿದಳು, ಒಮ್ಮೆ ಬೊಗಳಿದಳು, ಆಮೇಲೆ ನನ್ನ ಕೈ ನೋಡಿದಳು. ನಾನು ಪನೀರು ಕೊಡುತ್ತಾ ಅತ್ತುಬಿಟ್ಟೆ.

ಇವತ್ತು ಬೆಳಗ್ಗೆ ಮಾವ "ನಡಿಯವ್ವ, ಸೂಜಿ ಹಾಕಿಸ್ಕೊಂಡ ಬಂದುಬಿಡೂಣು" ಎಂದರು. ನಾನೂ ಸೀರೆ ಬದಲಿಸಲು ಹೊರಟೆ. "ಲಾರಿ ಬರಾಕಹತ್ಯಾವ, ಮನ್ಯಾಗ ಯಾರರ ಇರಬೇಕಲ್ಲ. ನಾನು ವೀರೇಶಿ ಹೋಗಿ ಬರ್ತೀವಿ, ನೀ ಹತ್ತಿಸಿ ಕೊಡು ಸಾಕು" ಎಂದರು. ಅದೂ ಸರಿಯೇ. ನಾನು "ಹತ್ತು" ಎಂದೆ. ಓಡಿ ಹೋಗಿ ಹತ್ತಿ ಕೂತಳು. ಶಾಭಾಸ್ ಎಂದು ಎರಡು ತುಂಡು ಕೊಟ್ಟು ಹಿಂಬಾಗಿಲನ್ನು ನಾನೇ ಹಾಕಿದೆ. ನಾನಿಲ್ಲದೆ ಅವಳು ಗೇಟು ದಾಟಿದ್ದು ಇದೇ ಮೊದಲು. ತಿರುಗಿ ಕೂಡ ನೋಡಲಿಲ್ಲ, ಕಳ್ಳಿ.

ನಿನಗೆ ಬಿಡುವಿದ್ದರೆ ಪಶು ಆಸ್ಪತ್ರೆಯ ಹತ್ತಿರ ಹೋಗು. ದೂರ ನಿಂತು ಒಮ್ಮೆ ನೋಡು. ಇಷ್ಟು ದಿನ ಫೋನಿನಲ್ಲೇ ನೋಡಿದ್ದಲ್ಲವೇ?

ಕುಣಿಯುವುದೊಂದು ಬಾಕಿ ಇರುವ
ಶೈಲಜಾ


ಹೊಸಪೇಟೆ
ನವೆಂಬರ್ 26, 2024

ಶೈಲಜಕ್ಕ,

ನಿನ್ನೆ ನಿಮ್ಮ ಪತ್ರ ನೋಡಿದ ಕೂಡಲೇ ಆಸ್ಪತ್ರೆಗೆ ಹೋದೆ. ಬಾಗಿಲು ಹಾಕುವವರೆಗೂ ಕೂತಿದ್ದೆ. ಕಂಪ್ಲಿಯಿಂದ ಯಾವ ಗಾಡಿಯೂ ಬಂದಿರಲಿಲ್ಲ ಎಂದು ಅಲ್ಲಿಯವರು ಹೇಳಿದರು. ಬೇರೆ ಡಾಕ್ಟರ ಹತ್ತಿರ ಹೋದರೇನೋ ಎಂದು ಅಲ್ಲೂ ವಿಚಾರಿಸಿದೆ, ಅಲ್ಲಿಗೂ ಬಂದಿಲ್ಲ.

ಫೋನು ಎತ್ತುತ್ತಿಲ್ಲ ನೀವು. ಒಂದೇ ಸಾಲು ಬರೆಯಿರಿ.

ಸ್ಫೂರ್ತಿ


ಕಂಪ್ಲಿ
ಡಿಸೆಂಬರ್ 3, 2024

ಸ್ಫೂರ್ತಿ,

ಅವತ್ತು ದೀಪ ಹಚ್ಚುವ ಹೊತ್ತಿಗೆ ಗಾಡಿ ಬಂತು. ನಾನು ಬಟ್ಟಲು ಹಿಡಿದು ಬಾಗಿಲಿಗೆ ಬಂದೆ. ಅವರಿಬ್ಬರೂ ಒಳಗೆ ಬರಲಿಲ್ಲ. ಸೀದಾ ಹಿತ್ತಲಿಗೆ ಹೋಗಿ, ಯಾರದೋ ಮಣ್ಣಿಗೆ ಹೋಗಿ ಬಂದವರ ಹಾಗೆ ತಲೆಯ ಮೇಲೆ ನೀರು ಹಾಕಿಕೊಂಡರು. ನನಗೆ ಆಗಲೇ ತಿಳಿಯಿತು.

"ಎಲ್ಲಿ ಬಿಟ್ರಿ ಮಾವಾ?" ಎಂದೆ.

"ಸಂಡೂರು ಗುಡ್ಡದ ರಸ್ತ್ಯಾಗ. ನೆಳ್ಳೈತಿ, ಹೋಟ್ಲು ಅದಾವ. ಉಪಾಸ ಬೀಳಂಗಿಲ್ಲ. ಹೊಳಿ ದಾಟಿಸಿದ್ವು ಈಗ ಬ್ರಿಜ್ ಮ್ಯಾಲ ತಿರುಗಿ ಬರ್ತಾವ, ಅದಕ್ಕ ಆ ಕಡೆ ಹೋದ್ವಿ."

"ಅಕಿ ಈಗ ಕಡ್ಯಂಗಿಲ್ಲಲ್ರಿ."

"ನಿನ್ನ ಮುಂದ ಕಡ್ಯಂಗಿಲ್ಲ. ನಾಳೆ ನೀ ಒಳಗ ಇದ್ದಾಗ ಇನ್ನೊಬ್ಬನ್ನ ಹಿಡದ್ರ? ದುರುಗೇಶಂದು ಕಾಲು ನೋಡಿಲ್ಲೇನು? ಹಮಾಲರಿಗೆ ನಾ ಅವಗ ಕಡದ ದಿನಾನ ಮಾತು ಕೊಟ್ಟೀನಿ, ಹೊಸ ಭತ್ತ ಬಂದಾಗ ನಾಯಿ ಇರಂಗಿಲ್ಲ ಅಂತ. ನಿನಗೊಂದು ಮಾತು, ಅವರಿಗೊಂದು ಮಾತು ಕೊಟ್ಟೆ. ಎರಡೂ ಉಳಸಾಕ ಆಗ್ಲಿಲ್ಲವ್ವ."

"ಗಾಡಿ ಹತ್ತಾಕ ಕಲ್ಸು ಅಂದಾಗ್ಲೇ ಗೊತ್ತಿತ್ತೇನ್ರಿ?"

ಅವರು ತಲೆ ಒರೆಸಿಕೊಳ್ಳುವುದನ್ನು ನಿಲ್ಲಿಸಿದರು. "ಗೊತ್ತಿತ್ತು. ಆದ್ರ ಅದು ನನ್ನ ಕೈಯಾಗ ತಿನ್ನಾಕಹತ್ತಿದ ಮ್ಯಾಲ ನನಗೂ ಭಾಳ ಕಷ್ಟ ಆತು." ಅವರ ಕಣ್ಣಲ್ಲಿ ನೀರಿತ್ತು. ಅದು ನಿಜವಾದ ನೀರೇ. ಅದನ್ನು ಕಂಡು ನನಗೆ ಇನ್ನೂ ಸಿಟ್ಟು ಬಂತು, ಯಾಕೆಂದರೆ ಬೈಯುವುದಕ್ಕೆ ಒಬ್ಬ ಕೆಟ್ಟ ಮನುಷ್ಯನೂ ಸಿಗಲಿಲ್ಲ.

ಉಳಿದದ್ದನ್ನು ವೀರೇಶ್ ಹೇಳಿದರು. ಗಾಡಿ ನಿಲ್ಲಿಸಿದ ಮೇಲೆ ಮಾವ ಬಟ್ಟಲಿನಲ್ಲಿದ್ದ ಪನೀರನ್ನೆಲ್ಲ ಕಲ್ಲುಗಳ ಸಂದಿಯಲ್ಲಿ ಅಡಗಿಸಿ, "ಹುಡುಕು" ಎಂದರಂತೆ. ಅವಳು ತಲೆ ತಗ್ಗಿಸಿ ಮೂಸತೊಡಗಿದಳು. ಗಾಡಿ ಹೊರಟದ್ದು ಅವಳಿಗೆ ಗೊತ್ತೇ ಆಗಲಿಲ್ಲವಂತೆ, ಹಿಂದೆ ಓಡಿ ಬರಲಿಲ್ಲವಂತೆ. ಇದನ್ನು ಅವರು ನನ್ನ ಸಮಾಧಾನಕ್ಕೆಂದು ಹೇಳಿದರು ಸ್ಫೂರ್ತಿ.

ಮರುದಿನ ಹಠ ಮಾಡಿ ವೀರೇಶ್ ಅವರನ್ನೇ ಕರೆದುಕೊಂಡು ಅಲ್ಲಿಗೆ ಹೋದೆ. ಕೆಂಪು ಧೂಳು, ಅದಿರಿನ ಲಾರಿಗಳು. ಕೂಗಿ ಕೂಗಿ ಗಂಟಲು ಬಿದ್ದುಹೋಯಿತು. ಲಾರಿಗಳ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ಇನ್ನೊಂದು ಸಲ ಕಳಿಸಿ ಎಂದರೆ ಮಾವ ಸುಗ್ಗಿ ಮುಗಿಯಲಿ ಅನ್ನುತ್ತಾರೆ. ನಿನಗೆ ಹತ್ತಿರ. ಹೋಗುತ್ತೀಯಾ?

ಶೈಲಜಾ


ಹೊಸಪೇಟೆ
ಡಿಸೆಂಬರ್ 22, 2024

ಶೈಲಜಕ್ಕ,

ಹೋದೆ. ಒಂದು ಸಲವಲ್ಲ, ಬಿಡುವಾದಾಗಲೆಲ್ಲ ಸ್ಕೂಟರ್ ಹತ್ತಿದೆ. ಪಾಪಿನಾಯಕನಹಳ್ಳಿಯಿಂದ ಸಂಡೂರಿನವರೆಗೂ ಸಿಕ್ಕ ಸಿಕ್ಕ ಹೋಟೆಲಿನವರಿಗೆ ಫೋಟೋ ತೋರಿಸಿದೆ. ಗುಡ್ಡದ ತಿರುವಿನಲ್ಲಿ ಜಂಬವ್ವ ಎಂಬ ಅಜ್ಜಿ ಚಹಾ ಅಂಗಡಿ ಇಟ್ಟಿದ್ದಾರೆ. ಅವರು ಗುರುತು ಹಿಡಿದರು.

"ನುಚ್ಚಕ್ಕಿ ಬಣ್ಣದ್ದಲ್ರಿ? ಭಾಳ ಶಾಣ್ಯಾ ನಾಯಿ. ನಿಂತ ಗಾಡಿ ಕಂಡ್ರ ಸಾಕು, ಹತ್ತಿ ಕುಂದರ್ತಿತ್ತು. ಕುಂತು ಎಲ್ಲಾರ ಕೈ ನೋಡ್ತಿತ್ತು. ಡ್ರೈವರ್‌ಗೋಳು ಕಟಿಗಿ ತಗೊಂಡು ಹೊಡದು ಇಳಸ್ತಿದ್ರು. ಇಳೀತಿತ್ತು, ಮತ್ತ ಇನ್ನೊಂದಕ್ಕ ಹೋಗ್ತಿತ್ತು. ಒಮ್ಮೆನೂ ಕಡೀಲಿಲ್ಲ ನೋಡ್ರಿ."

ಈಗ ಎಲ್ಲಿದೆ ಎಂದು ಕೇಳಿದೆ. ಒಂದು ದಿನ ತಾಡಪಾಲು ಹೊದಿಸಿದ ಗಾಡಿಯೊಂದರ ಹಿಂಭಾಗಕ್ಕೆ ಹತ್ತಿತಂತೆ. ಡ್ರೈವರ್ ನೋಡಲಿಲ್ಲ, ಗಾಡಿ ಹೊರಟುಹೋಯಿತು. "ಯಾ ಊರಿಂದೋ ಯಾರಿಗ್ಗೊತ್ರಿ, ಹಗಲೂ ರಾತ್ರಿ ಬರ್ತಾವ ಹೋಗ್ತಾವ ಇಲ್ಲಿ" ಎಂದರು.

ಕಮಲಾಪುರದಲ್ಲಿ ಬಾಳೆಗೊನೆ ತುಂಬುವ ಕಡೆ ನೋಡಿದೆ. ಹಂಪಿ ಬಜಾರಿನಲ್ಲಿ ಪ್ರವಾಸಿಗರ ಗಾಡಿ ನಿಲ್ಲುವ ಕಡೆ ನೋಡಿದೆ. ಸಾಲುಮಂಟಪದಲ್ಲಿ ಮಲಗಿದ್ದ ನಾಯಿಗಳೆಲ್ಲ ಎದ್ದು ನನ್ನನ್ನು ನೋಡಿದವು. ಅವಳಿರಲಿಲ್ಲ. ಇನ್ನು ಸಿಗುತ್ತಾಳೆ ಎಂದು ನಿಮಗೆ ಬರೆಯಲು ನನಗೆ ಧೈರ್ಯವಿಲ್ಲ.

ಕಚ್ಚುವ ನಾಯಿಯಾಗಿಯೇ ಉಳಿದಿದ್ದರೆ ಅವಳನ್ನು ಯಾರೂ ಗೇಟು ದಾಟಿಸಲು ಆಗುತ್ತಿರಲಿಲ್ಲ. ಅದನ್ನು ಬಿಡಿಸಿದವಳು ನಾನು. ಹಾಗಲ್ಲ ಎಂದು ದಯವಿಟ್ಟು ಬರೆಯಬೇಡಿ. ನಿನ್ನೆ ಪಾಠದಲ್ಲಿ ಒಂದು ನಾಯಿ ಎಷ್ಟು ಚೆನ್ನಾಗಿ ಕೂತಿತ್ತು. ಅದರ ಯಜಮಾನರು "ಮುಂದೇನು ಕಲಿಸೋಣ?" ಎಂದು ಕೇಳಿದರು. ನೆಟ್‌ವರ್ಕ್ ಸರಿಯಿಲ್ಲ ಎಂದು ಹೇಳಿ ಫೋನಿಟ್ಟೆ.

ಸ್ಫೂರ್ತಿ


ಕಂಪ್ಲಿ
ಜನವರಿ 19, 2025

ಪ್ರಿಯ ಸ್ಫೂರ್ತಿ,

ಹಾಗಲ್ಲ ಎಂದು ನಾನು ಬರೆಯುವುದಿಲ್ಲ. ಬಾಗಿಲು ಹಾಕಿದವಳು ನಾನು, ನನಗೂ ಯಾರೂ ಹಾಗಲ್ಲ ಎಂದು ಹೇಳುವುದು ಬೇಡ.

ಸುಗ್ಗಿ ಮುಗಿಯುತ್ತಾ ಬಂತು. ವೀರೇಶ್ ಮತ್ತು ನಾನು ಬೇಕಾದಷ್ಟು ಮಾತ್ರ ಮಾತಾಡುತ್ತೇವೆ. ಹೋದ ವಾರ ಮಾವ ಪಾಪಿನಾಯಕನಹಳ್ಳಿಯ ನೆಂಟರ ಹೊಲದಿಂದ ಒಂದು ಮರಿ ತಂದು ನನ್ನ ಮಡಿಲಲ್ಲಿ ಹಾಕಿದರು. ಕಪ್ಪು ಮರಿ, ಎದೆಯ ಮೇಲೆ ಒಂದಿಷ್ಟು ಬಿಳುಪು. "ಆ ಹೊಸಪೇಟಿ ಹುಡುಗಿಗೆ ಫೋನ್ ಮಾಡವ್ವ. ಭಾಳ ಚಲೋ ಕಲಸ್ತಾಳ. ಇದಕ್ಕ ಸಣ್ಣದಿದ್ದಾಗ್ಲೇ ಎಲ್ಲಾ ಕಲ್ಸಿಬಿಡು, ಯಾರನ್ನೂ ಕಡೀದಂಗ ಬೆಳೀಲಿ" ಎಂದರು. ಕುಹಕವಲ್ಲ ಅದು. ಮನಸಾರೆ ಹೇಳಿದರು. ನನ್ನ ಮುಖ ಅರಳುತ್ತದೇನೋ ಎಂದು ಸ್ವಲ್ಪ ಹೊತ್ತು ನಿಂತು ನೋಡಿದರು.

ಪಾಠ ಬೇಡ ಸ್ಫೂರ್ತಿ. ಇದಕ್ಕೆ ನಾನೇ ಕಲಿಸುತ್ತಿದ್ದೇನೆ. ಹೆಸರು ಇಟ್ಟಿಲ್ಲ. ಅನ್ನ ಇಟ್ಟು ದೂರ ಸರಿಯುತ್ತೇನೆ. ಬಾಲ ಆಡಿಸುತ್ತಾ ಹತ್ತಿರ ಬಂದರೆ ಕಾಲು ಅಪ್ಪಳಿಸುತ್ತೇನೆ, ತಟ್ಟೆ ಬಡಿಯುತ್ತೇನೆ. ಹೊಡೆಯುವುದಿಲ್ಲ, ಅಷ್ಟು ಕೆಟ್ಟವಳಾಗಿಲ್ಲ ಇನ್ನೂ. ಮೊದಲೆರಡು ದಿನ ನಾನು ಆಟವಾಡುತ್ತಿದ್ದೇನೆಂದು ತಿಳಿದು ಮತ್ತೆ ಮತ್ತೆ ಬರುತ್ತಿತ್ತು. ಆಗ ನನ್ನ ಕೈ ತಾನಾಗಿ ಅದರ ತಲೆಯ ಕಡೆ ಹೋಗುತ್ತಿತ್ತು, ಹಿಂದಕ್ಕೆ ಎಳೆದುಕೊಂಡೆ. ಈಗ ಬರುವುದಿಲ್ಲ. ಹಮಾಲರ ಹೆಜ್ಜೆ ಕೇಳಿದರೆ ಮೂಟೆಗಳ ಸಂದಿ ಸೇರುತ್ತದೆ. ಮಾವ ಬಟ್ಟಲು ಹಿಡಿದು "ಬಾ, ಬಾ" ಎಂದು ಕರೆದು ಸೋತು "ಇದ್ಯಾಕವ್ವ ಇಷ್ಟು ಅಂಜಬುರುಕ ಆತು?" ಎಂದು ಕೇಳಿದರು. ಗೊತ್ತಿಲ್ಲ ಎಂದೆ.

ಮೊನ್ನೆ ಅದನ್ನು ಸಂದಿಯಿಂದ ಎಳೆಯಲು ಹೋದಾಗ ನನ್ನ ಬೆರಳಿಗೆ ಹಲ್ಲು ನೆಟ್ಟಿತು. ಮರಿಯಾದರೂ ಜೋರಾಗಿಯೇ ಕಚ್ಚಿತು, ರಕ್ತ ಬಂತು. ಬಾಗಿಲಿಗೆ ಸಿಕ್ಕಿತೆಂದು ಮನೆಯಲ್ಲಿ ಹೇಳಿ ಬಟ್ಟೆ ಸುತ್ತಿಕೊಂಡು ಒಬ್ಬಳೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಂಡೆ. ಬಸ್ಸಿನಲ್ಲಿ ವಾಪಸು ಬರುವಾಗ ಬೆರಳು ಪಟಪಟ ಸಿಡಿಯುತ್ತಿತ್ತು. ಇದನ್ನಾದರೂ ಯಾರೂ ಎತ್ತಿಕೊಂಡು ಹೋಗಲಾರರು ಎಂದುಕೊಂಡೆ.

ಶೈಲಜಾ